ಹಕ್ಕಿಗೆ ಬೆಲ್ಲ ಬೇಡವಂತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮನೆಗೆ ಬಂದವರ ಬಾಯಿ ಸುಮ್ಮನಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಅದು ಗುಣವೋ ಕಾಯಿಲೆಯೋ ನನಗೆ ಇನ್ನೂ ಗೊತ್ತಾಗಿಲ್ಲ. ಮೈಸೂರಿನಲ್ಲಿದ್ದಾಗ ಗುಣ ಎನ್ನುತ್ತಿದ್ದರು. ನ್ಯೂಜೆರ್ಸಿಯ ಪಾರ್ಸಿಪನಿಗೆ ಬಂದ ಮೇಲೆ ಜನ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಾರೆ. ನಲ್ಲಿ ರಿಪೇರಿಗೆ ಬಂದ ಪ್ಲಂಬರನನ್ನು ಕೂರಿಸಿ ಉಪ್ಪಿಟ್ಟು ತಿನ್ನಿಸಿದ್ದೇನೆ. ಪಾರ್ಸೆಲ್ ತಂದವನ ಕೈಯಲ್ಲಿ ಎರಡು ಚಕ್ಕುಲಿ ಇಟ್ಟಾಗ, ಇದಕ್ಕೂ ಸಹಿ ಹಾಕಬೇಕೇ ಎಂದು ಕೇಳಿದ್ದ ಪುಣ್ಯಾತ್ಮ. ಊಟಕ್ಕೆ ಕೂತವರು ಬೇಡ ಎಂದರೆ ಸಾಕು, ನನ್ನ ಕೈ ತಾನಾಗಿಯೇ ಸೌಟಿನ ಕಡೆ ಹೋಗುತ್ತದೆ. ಎಷ್ಟನೆಯ ಬೇಡ ನಿಜವಾದ ಬೇಡ ಎಂಬ ಲೆಕ್ಕ ನಮ್ಮ ಕಡೆಯ ಹೆಂಗಸರಿಗೆ ರಕ್ತದಲ್ಲೇ ಬಂದಿರುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮವರು ಮಾತ್ರ, 'ಬಡಿಸೋರ ಸಂತೋಷಕ್ಕೆ ಉಣ್ಣೋರು ಸಾಯಬಾರದು ಕಣೇ' ಎನ್ನುತ್ತಿರುತ್ತಾರೆ. ಇಪ್ಪತ್ತು ಸಲ ಕೇಳಿದ್ದರೂ ಅದನ್ನು ತಮಾಷೆ ಎಂದುಕೊಂಡಿದ್ದೆ. ಅದು ತಮಾಷೆಯಲ್ಲ ಎಂದು ನನಗೆ ತಿಳಿಸಿಕೊಟ್ಟಿದ್ದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಹಕ್ಕಿ.

ಹಕ್ಕಿಯ ವಿಷಯಕ್ಕೆ ಬರುವ ಮುಂಚೆ ನನ್ನ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಬೆರಳ ಗಿಣ್ಣು ಎಣಿಸುತ್ತಾ ಆ ದಿನದ ಐದು ಉಪಕಾರಗಳನ್ನು ದೇವರಿಗೆ ಒಪ್ಪಿಸುತ್ತೇನೆ. ಇದು ನಮ್ಮಜ್ಜಿಯಿಂದ ಬಂದದ್ದು. ದೊಡ್ಡ ವರಗಳನ್ನು ಎಣಿಸಬಾರದಂತೆ, ದೃಷ್ಟಿಯಾಗುತ್ತದಂತೆ. ಚಿಕ್ಕವನ್ನೇ ಹೇಳಬೇಕು. ಹಾಲು ಉಕ್ಕಲಿಲ್ಲ, ಒಂದು. ಹಿಮದಲ್ಲೂ ಇವರ ಕಾರು ಸ್ಟಾರ್ಟ್ ಆಯಿತು, ಎರಡು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಐದು ತುಂಬಿಸುವುದು ಬಹಳ ಕಷ್ಟವಾಗಿತ್ತು. ಒಗ್ಗರಣೆ ಹಾಕಿದರೂ ಹೊಗೆಯ ಅಲಾರಂ ಕೂಗಲಿಲ್ಲ ಎಂಬುದನ್ನೇ ಒಂದೊಂದು ವಾರ ನಾಲ್ಕು ಸಲ ಹೇಳಿದ್ದೇನೆ. ದೇವರು ಪಾಪ, ಹಳೆಯದಾಯಿತು ಎನ್ನದೆ ಕೇಳಿಸಿಕೊಂಡ.

ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿಯ ಗಂಡಾಂತರ ಕಳೆದು, ನಮ್ಮವರಂಥ ಸಾಫ್ಟ್‌ವೇರ್ ಜನಕ್ಕೆ ಎಲ್ಲ ಕಡೆಯಿಂದ ಕರೆ ಬರುತ್ತಿದ್ದ ವರ್ಷ ಅದು. ಇವರು ಬೆಳಗ್ಗೆ ಏಳಕ್ಕೆ ಕ್ರ್ಯಾನ್‌ಬರಿಯ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದರೆ, ಮಗಳು ಮಾನಸ ಎಂಟಕ್ಕೆ ಹಳದಿ ಬಸ್ಸು ಹತ್ತಿದರೆ, ಆಮೇಲೆ ಮನೆಯಲ್ಲಿ ನಾನು, ದೇವರು ಮತ್ತು ಫ್ರಿಜ್ಜಿನ ಸದ್ದು. ನನ್ನದು ಎಚ್-ಫೋರ್ ವೀಸಾ, ಅಂದರೆ ಗಂಡನ ಆಸರೆಯ ವೀಸಾ. ಕೆಲಸ ಮಾಡುವ ಹಾಗಿಲ್ಲ. ಮನೆಯಲ್ಲಿ ಮಾಡುವುದು ಕೆಲಸ ಅಲ್ಲ ಎಂಬ ವಿಷಯದಲ್ಲಿ ಎರಡು ದೇಶದ ಸರ್ಕಾರಗಳಿಗೂ ಒಮ್ಮತ ಇದೆ, ಇರಲಿ. ನಮ್ಮದು ನೆಲಮಹಡಿಯ ಅಪಾರ್ಟ್‌ಮೆಂಟು. ಅಡಿಗೆಮನೆಯ ಕಿಟಕಿಯಾಚೆ ನಾಲ್ಕು ಹೆಜ್ಜೆ ಅಗಲದ ಸಿಮೆಂಟು ಕಟ್ಟೆ, ಅದರಾಚೆ ಒಂದು ಪಟ್ಟಿ ಹುಲ್ಲು, ಹುಲ್ಲಿನಾಚೆ ಯಾರದ್ದೂ ಅಲ್ಲದ ಮರಗಳು. ಆ ಕಟ್ಟೆಯ ಮೇಲೆ ಬಟ್ಟೆ ಒಣಹಾಕಬಾರದು ಎಂದು ಬಾಡಿಗೆಯ ಕರಾರಿನಲ್ಲಿ ಬರೆದಿದೆ. ಆದರೆ ಮಡಿಸೀರೆಯನ್ನು ಮಷೀನಿನಲ್ಲಿ ಒಣಗಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ವಾರಕ್ಕೊಂದು ಸಲ, ಮ್ಯಾನೇಜರ್ ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡು, ಸೀರೆಯನ್ನು ಕುರ್ಚಿಗಳ ಮೇಲೆ ಹರವುತ್ತಿದ್ದೆ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಹಾಗೆ ಹರವಿದ್ದು ಕೆಂಪು ಸೀರೆ, ಅಂಚಿನ ತುಂಬ ಸಣ್ಣ ಸಣ್ಣ ಹೂವು. ಕಿಟಕಿಯಲ್ಲಿ ನಿಂತು ಮ್ಯಾನೇಜರನ ಕಾರಿಗೆ ಕಾವಲು ಕಾಯುತ್ತಿದ್ದೆ. ಗುಂಯ್ ಎಂಬ ಸದ್ದು ಬಂತು. ದೊಡ್ಡ ದುಂಬಿ ಎಂದುಕೊಂಡೆ. ನೋಡಿದರೆ ದುಂಬಿಗೆ ಕೊಕ್ಕಿದೆ! ಹಸಿರು ಬೆನ್ನು, ಬಿಳಿ ಎದೆ, ಸೂಜಿಯಂಥ ಕೊಕ್ಕು, ಮತ್ತೆ ರೆಕ್ಕೆ ಇರಬೇಕಾದ ಜಾಗದಲ್ಲಿ ಬರಿಯ ಮಬ್ಬು. ಅದು ಹಾರುತ್ತಿರಲಿಲ್ಲ, ಗಾಳಿಯಲ್ಲಿ ನಿಂತಿತ್ತು. ನನ್ನ ಸೀರೆಯ ಅಂಚಿನ ಮೊದಲ ಹೂವಿಗೆ ಕೊಕ್ಕು ತಾಗಿಸಿತು, ಎರಡನೆಯ ಹೂವಿಗೆ ಸರಿಯಿತು, ಮೂರನೆಯದಕ್ಕೆ ಸರಿಯಿತು. ನೇಯ್ದವನ ಮೇಲೆ ಅಷ್ಟು ನಂಬಿಕೆ! ಹನ್ನೆರಡು ಹೂವನ್ನು ನೋಡಿ, ಏನೂ ಸಿಗದೆ, ಹಿಂದಕ್ಕೆ ಹಾರಿತು. ತಿರುಗಿಕೊಂಡು ಅಲ್ಲ, ಮುಖ ನನ್ನ ಕಡೆಗೇ ಇಟ್ಟುಕೊಂಡು ಹಿಂದಕ್ಕೆ, ದೇವಸ್ಥಾನದ ಗರ್ಭಗುಡಿಗೆ ಬೆನ್ನು ತೋರಿಸದೆ ಹಿಂದೆ ಸರಿಯುತ್ತೇವಲ್ಲ, ಹಾಗೆ. ನನಗೇ ಗೊತ್ತಿಲ್ಲದೆ ಕೈ ಮುಗಿದಿದ್ದೆ. ಸಂಜೆ ವಿವರಿಸಿದಾಗ ನಮ್ಮವರು, 'ನಿದ್ದೆಗಣ್ಣಲ್ಲಿ ಜೀರುಂಡೆ ನೋಡಿರ್ತೀಯ' ಎಂದರು. ಮಾನಸ ಟಿವಿಯಿಂದ ಕಣ್ಣು ತೆಗೆಯದೆ, 'ಅಮ್ಮಾ, ದಟ್ಸ್ ಎ ಹಮ್ಮಿಂಗ್ ಬರ್ಡ್. ವಿ ಡಿಡ್ ಇಟ್ ಇನ್ ಸೈನ್ಸ್' ಎಂದಳು. ದೇವರು ಇಂಥದ್ದನ್ನು ಮಾಡಿಟ್ಟಿದ್ದಾನೆ, ಇವಳು ಅದನ್ನು ಸೈನ್ಸಿನಲ್ಲಿ ಮುಗಿಸಿದ್ದಾಳೆ. ಆ ಸಂಜೆ ಐದು ಉಪಕಾರಗಳಲ್ಲಿ ಐದೂ ಅದೇ ಆಯಿತು.

ನನ್ನ ಮನಸ್ಸಿನಲ್ಲಿ ಒಂದೇ ಕೊರಗು. ಅತಿಥಿ ಮನೆಗೆ ಬಂದು, ಹನ್ನೆರಡು ಎಲೆಯ ಮುಂದೆ ಕೂತು, ಬರಿಗೊಕ್ಕಿನಲ್ಲಿ ಹೋಗಿದೆ! ಮಾರನೆಯ ದಿನ ಪಕ್ಕದ ಮನೆಯ ಡಾರತಿಯವರಿಗೆ ಹೇಳಿದೆ. ಡಾರತಿ ಎಪ್ಪತ್ತು ದಾಟಿದ ಒಂಟಿ ಹೆಂಗಸು, ಮೊದಲು ಶಾಲೆಯೊಂದರ ಲೈಬ್ರರಿಯಲ್ಲಿದ್ದವರು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಏಳುವುದಿಲ್ಲ. ಒಮ್ಮೆ 'ಆಂಟಿ' ಎಂದು ಕರೆದೆ. ಯಾರನ್ನು ಕರೆದಳೋ ಎಂದು ಅವರು ಹಿಂತಿರುಗಿ ನೋಡಿದರು. ಅಂದಿನಿಂದ ಬಾಯಲ್ಲಿ 'ಡಾರತಿ' ಎಂದು, ಮನಸ್ಸಿನಲ್ಲಿ 'ಅಮ್ಮ' ಸೇರಿಸಿಕೊಂಡು ಕರೆಯುತ್ತೇನೆ. ಅವರು ಒಳಗೆ ಹೋಗಿ ಒಂದು ಫೀಡರ್ ತಂದುಕೊಟ್ಟರು. ತಲೆಕೆಳಗಾಗಿ ತೂಗುವ ಗಾಜಿನ ಬಾಟಲಿ, ಕೆಳಗೆ ಕೆಂಪು ತಟ್ಟೆ, ತಟ್ಟೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಹೂವು, ಹೂವಿನ ನಡುವೆ ತೂತು. 'ಒಂದು ಲೋಟ ಬಿಳಿ ಸಕ್ಕರೆ, ನಾಲ್ಕು ಲೋಟ ನೀರು. ಬೇರೆ ಏನೂ ಬೇಡ ಜಯಾ, ಏನೇನೂ ಬೇಡ' ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ನಮ್ಮ ತಲೆಯಾಟದಲ್ಲಿ ಹೌದು, ಅಲ್ಲ, ನೋಡೋಣ ಮೂರೂ ಇರುವುದು ಆಯಮ್ಮನಿಗೆ ಹೇಗೆ ಗೊತ್ತಾಗಬೇಕು?

ಏಕೆಂದರೆ ನನಗೆ ಅದು ಸರಿಕಾಣಲಿಲ್ಲ. ಬರೀ ಸಕ್ಕರೆ ನೀರು! ಹೊಟ್ಟೆ ಕೆಟ್ಟವರಿಗೆ ಕೊಡುವಂಥದ್ದು. ಅದೂ ಬಿಳಿ ಸಕ್ಕರೆ. ನಮ್ಮತ್ತೆ ಅದನ್ನು ದೇವರ ಹತ್ತಿರಕ್ಕೂ ಬಿಡುತ್ತಿರಲಿಲ್ಲ, ನೈವೇದ್ಯಕ್ಕೆ ಏನಿದ್ದರೂ ಬೆಲ್ಲ. ಸಂಶಯ ಪರಿಹಾರಕ್ಕೆ ಜರ್ಸಿ ಸಿಟಿಯ ಸುಮಕ್ಕನಿಗೆ ಫೋನ್ ಮಾಡಿದೆ. ಸುಮಕ್ಕ ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು, ಈ ದೇಶದಲ್ಲಿ ನನಗಿರುವ ಅಕ್ಕ, ಡಾಕ್ಟರು, ಪಂಚಾಂಗ ಎಲ್ಲ ಅವರೇ. 'ಅಯ್ಯ, ಸಕ್ಕರಿ ಯಾಕ ಹಾಕ್ತೀಯವಾ? ಅದರಾಗ ಏನೈತಿ ಸತ್ವ? ಬೆಲ್ಲ ಹಾಕು, ರಕ್ತಕ್ಕ ಛಲೋ. ಒಂದೀಟ ಜೇನುತುಪ್ಪ ಬಿಡು, ಹಕ್ಕಿ ಅಂದ ಮ್ಯಾಲೆ ಹೂವಿಂದ ಬೇಕಲ್ಲ' ಎಂದರು. ಫೋನ್ ಇಡುವ ಮುಂಚೆ ನೆನಪಿಸಿಕೊಂಡು, 'ಶುಂಠಿ ಮಾತ್ರ ಹಾಕಬ್ಯಾಡ ಮತ್ತ, ಸಣ್ಣ ಜೀವ, ಖಾರ ಆದೀತು' ಎಂದರು. ಎಷ್ಟು ವಿವೇಕ ನೋಡಿ!

ಹಾಗಾಗಿ ಪಾನಕ ಮಾಡಿದೆ. ಬೆಲ್ಲ ಕುಟ್ಟಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒಂದು ಚಮಚ ಜೇನು ಬೆರೆಸಿ, ಎರಡು ಏಲಕ್ಕಿ ಪುಡಿಮಾಡಿ ಹಾಕಿ, ದೇವರ ಮುಂದಿಟ್ಟು ನೈವೇದ್ಯ ಮಾಡಿ, ಆಮೇಲೆ ಬಾಟಲಿಗೆ ತುಂಬಿದೆ. ಏಲಕ್ಕಿ ತೂತಿಗೆ ಸಿಕ್ಕಿಕೊಂಡಿತು; ಸೂಜಿಯಲ್ಲಿ ಬಿಡಿಸಿ, ಕಿಟಕಿಯೆದುರಿಗೆ ಕೊಕ್ಕೆ ಹಾಕಿ ತೂಗಿದೆ. ಎರಡನೆಯ ದಿನ ಹಕ್ಕಿ ಬಂತು. ಒಂದು ಪ್ಲಾಸ್ಟಿಕ್ ಹೂವಿಗೆ ಕೊಕ್ಕಿಟ್ಟಿತು, ತೆಗೆದು ನನ್ನನ್ನು ನೋಡಿತು, ಮತ್ತೆ ಇಟ್ಟಿತು. ಬಾಟಲಿಯೊಳಗೆ ಒಂದು ಗುಳ್ಳೆ ಬುಳಕ್ಕೆಂದು ಮೇಲಕ್ಕೆ ಹೋಯಿತು. ಅಷ್ಟು ಸಣ್ಣ ಜೀವ ನನ್ನ ಕೈಯಡಿಗೆ ಕುಡಿದು ಗುಳ್ಳೆ ಏಳಿಸಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಒಂದು ಪೆನ್ನಿ ನಾಣ್ಯದಷ್ಟು ತೂಕವಂತೆ ಅದು. ಅಷ್ಟರಲ್ಲೇ ಹೃದಯ, ಹೊಟ್ಟೆ, ಹಸಿವು, ಹೆದರಿಕೆ, ಮೊಟ್ಟೆಯಿಡುವ ಗರ್ಭ, ಎಲ್ಲವನ್ನೂ ದೇವರು ಅಡಕಿಸಿಟ್ಟಿದ್ದಾನೆ. ನನಗೆ ಎರಡು ಸೂಟ್‌ಕೇಸಿನಲ್ಲಿ ಒಂದು ಸಂಸಾರ ಅಡಕಿಸಲು ಬಂದಿರಲಿಲ್ಲ.

ಅಲ್ಲಿಂದ ದಿನವೂ ಬರತೊಡಗಿತು. ನಾನೂ ದಿನವೂ ಬಾಟಲಿಯಲ್ಲಿ ಎಷ್ಟು ಕಮ್ಮಿಯಾಗಿದೆಯೋ ಅಷ್ಟು ಪಾನಕ ಮೇಲಿನಿಂದ ಸೇರಿಸುತ್ತಿದ್ದೆ. ತೊಳೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಮೊಸರಿಗೆ ಹೆಪ್ಪು ಉಳಿಸಿಕೊಂಡು ವರ್ಷಗಟ್ಟಲೆ ಎಳೆಯುವವರು ನಾವು. ಹಳೆಯದು ಸ್ವಲ್ಪ ಉಳಿದರೇ ಹೊಸದಕ್ಕೆ ರುಚಿ. ಮೇ ಕಳೆದು ಜೂನ್ ಬಂದು ಬಿಸಿಲು ಏರಿದ ಮೇಲೆ ಬಾಟಲಿಯೊಳಗೆ ಸಣ್ಣ ಸಣ್ಣ ಗುಳ್ಳೆ ತಾವಾಗಿಯೇ ಏಳತೊಡಗಿದವು. ಮೂಗು ಹತ್ತಿರ ತಂದರೆ ಹುಳಿ ವಾಸನೆ. ಬೇರೆ ಯಾವ ಹೆಂಗಸಾದರೂ ಹೆದರಿಕೊಳ್ಳುತ್ತಿದ್ದಳೇನೋ. ಚಳಿಗಾಲವಿಡೀ ದೋಸೆ ಹಿಟ್ಟನ್ನು ಓವನ್ನಿನಲ್ಲಿ ದೀಪ ಹಾಕಿ ಮಲಗಿಸಿ, ಹುಳಿ ಬಂತೇ, ಉಬ್ಬಿತೇ ಎಂದು ಇಣುಕಿ ನೋಡಿ, ಉಬ್ಬಿದ ದಿನ ಅದನ್ನೂ ಐದು ಉಪಕಾರದಲ್ಲಿ ಸೇರಿಸುವವಳು ನಾನು. ನನಗೆ ಖುಷಿಯೇ ಆಯಿತು. ಚೆನ್ನಾಗಿ ಹದ ಬಂದಿದೆ ಎಂದುಕೊಂಡೆ.

ಒಂದು ಗುರುವಾರ ಡಾರತಿ ತಾವು ಮಾಡಿದ ಕೇಕು ತಂದವರು ಕಟ್ಟೆಯ ಮೇಲೆ ನಿಂತು ಬಾಟಲಿಯನ್ನೇ ನೋಡಿದರು. 'ಜಯಾ, ಇದು ಯಾಕೆ ಕಾಫಿಯ ಬಣ್ಣದಲ್ಲಿದೆ?' ನಾನು ಉತ್ಸಾಹದಿಂದ ಬೆಲ್ಲ, ಜೇನು, ಏಲಕ್ಕಿ ಎಲ್ಲವನ್ನೂ ವಿವರಿಸಿದೆ. ದಿನವೂ ಮೇಲಿನಿಂದ ಸೇರಿಸುವ ಜಾಣತನವನ್ನೂ ಮುಚ್ಚಿಡಲಿಲ್ಲ. ಅವರ ಮುಖ ಬಿಳುಚಿಕೊಂಡಿತು. ಅವರು ಮೊದಲೇ ಬಿಳಿ, ಆದರೂ ಗೊತ್ತಾಯಿತು. ಕುರ್ಚಿ ಎಳೆದು ಕೂತು, ಗದರಿಸದೆ, ಮಗುವಿಗೆ ಹೇಳುವಂತೆ ಹೇಳಿದರು. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುತ್ತದೆ, ನಮಗೆ ಒಳ್ಳೆಯದು, ಅಷ್ಟು ಚಿಕ್ಕ ದೇಹಕ್ಕೆ ಅದು ವಿಷ. ಜೇನು ನೀರಿಗೆ ಬಿದ್ದರೆ ಬೇಗ ಬೂಸು ಹಿಡಿಯುತ್ತದೆ; ಆ ಬೂಸು ಹಕ್ಕಿಯ ನಾಲಿಗೆಗೆ ಹತ್ತಿದರೆ ನಾಲಿಗೆ ಊದಿಕೊಳ್ಳುತ್ತದೆ, ಊದಿದ ನಾಲಿಗೆಯಲ್ಲಿ ಕುಡಿಯಲಾಗದೆ ಅದು ಹಸಿದು ಸಾಯುತ್ತದೆ. ಹುಳಿ ಬಂದ ನೀರಂತೂ ಕೇಳಲೇಬೇಡ. 'ಎದೆ ಬಿಳಿ ಎಂದರೆ ಹೆಣ್ಣು' ಎಂದರು. 'ಈಗ ಗೂಡು ಕಟ್ಟಿರುವ ಕಾಲ. ಕೊನೆಯ ಸಲ ಯಾವಾಗ ನೋಡಿದೆ?'

ನಾನು ಎಣಿಸಿದೆ. ಬುಧವಾರ ಬಂದಿರಲಿಲ್ಲ. ಮಂಗಳವಾರ ಬಂದದ್ದು ಒಂದೇ ಗುಟುಕು ಕುಡಿದು ಹೋಗಿತ್ತು. ನೈವೇದ್ಯ ಬೇಸರವಾಗಿರಬೇಕು ಎಂದುಕೊಂಡು ಆ ದಿನ ಬೆಲ್ಲ ಒಂದಚ್ಚು ಜಾಸ್ತಿ ಹಾಕಿದ್ದೆ.

ಇವರು ಆಫೀಸಿನಿಂದ ಬಂದಾಗ ನಾನು ದೇವರ ಮುಂದೆ ಕೂತಿದ್ದೆ. 'ರೀ, ನಾನು ಪೂತನಿ ಕಣ್ರೀ' ಎಂದೆ. 'ಪ್ರೀತಿ ತೋರಿಸ್ಕೊಂಡು ವಿಷ ಉಣಿಸಿದೀನಿ. ಅವಳಿಗೂ ನನಗೂ ಏನು ವ್ಯತ್ಯಾಸ?' ನಮ್ಮವರು ಟೈ ಬಿಚ್ಚುತ್ತಾ ಸ್ವಲ್ಪ ಯೋಚಿಸಿ, 'ಪೂತನಿ ಏಲಕ್ಕಿ ಹಾಕಿರಲಿಲ್ಲ' ಎಂದರು. ನನಗೆ ನಗು ಬರಲಿಲ್ಲ, ಅಳು ಬಂತು. ಆಮೇಲೆ ಅವರಿಗೇ ಪಾಪ ಅನ್ನಿಸಿ, ಮಾರನೆಯ ದಿನ ಆಫೀಸಿನಲ್ಲಿ ಇಂಟರ್‌ನೆಟ್ಟಿನಿಂದ ಹುಡುಕಿ ಒಂದು ಕಂತೆ ಪ್ರಿಂಟು ಹಾಕಿಕೊಂಡು ಬಂದರು. ಕೂತು ಓದಿ ಹೇಳಿದರು. ಹಿತ್ತಲಲ್ಲಿ ಹಕ್ಕಿಗೆ ಹೀಗೆ ಕುಡಿಸುವುದು ಒಳ್ಳೆಯದೇ ಅಲ್ಲವೇ ಎಂಬ ಬಗ್ಗೆ ಅಲ್ಲೂ ಎರಡು ಪಕ್ಷ. ಕಾಡಿನ ಹಕ್ಕಿಗೆ ನಾವು ಯಾಕೆ ಬಡಿಸಬೇಕು, ಗಾಜಿಗೆ ಢಿಕ್ಕಿ ಹೊಡೆದು ಸಾಯುತ್ತವೆ, ಬೆಕ್ಕಿಗೆ ಸಿಗುತ್ತವೆ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ ಎನ್ನುವವರು ಒಂದು ಕಡೆ. ಮರ ಕಡಿದು ಪಾರ್ಕಿಂಗ್ ಮಾಡಿದವರು ನಾವೇ ಅಲ್ಲವೇ, ಒಂದು ಗುಟುಕು ಕೊಟ್ಟರೆ ತಪ್ಪೇನು ಎನ್ನುವವರು ಇನ್ನೊಂದು ಕಡೆ. 'ಆದರೆ ಒಂದು ಮಾತಿಗೆ ಎರಡೂ ಪಕ್ಷದವರು ಒಪ್ಪುತ್ತಾರೆ' ಎಂದರು ಇವರು, ಕನ್ನಡಕ ಸರಿಮಾಡಿಕೊಂಡು. 'ಬಿಸಿಲುಗಾಲದಲ್ಲಿ ಎರಡು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಲ್ಲಿ ಉಜ್ಜಿ ತೊಳೀಬೇಕು. ಬಣ್ಣ ಹಾಕಬಾರದು. ಬೆಲ್ಲ, ಜೇನು ಬೇಡ. ಒಂದಕ್ಕೆ ನಾಲ್ಕು. ತೊಳೆಯೋಕೆ ಆಗದೇ ಇದ್ದರೆ ತೂಗಲೇಬಾರದು.' ಡಾರತಿಯಮ್ಮ ಒಂದೇ ಉಸಿರಿನಲ್ಲಿ ಹೇಳಿದ್ದು ಕಂತೆಯಲ್ಲಿ ಹದಿನಾಲ್ಕು ಪುಟ ಇತ್ತು.

ಬಾಟಲಿಯನ್ನು ಗುರುವಾರವೇ ಇಳಿಸಿಟ್ಟಿದ್ದೆ. ಒಳಗೆ ಕತ್ತಿನ ಹತ್ತಿರ ಕಪ್ಪು ಚುಕ್ಕೆ ಕೂತಿದ್ದವು. ಮಾನಸ ಕೂಸಾಗಿದ್ದಾಗ ಹಾಲಿನ ಬಾಟಲಿ ತೊಳೆಯುತ್ತಿದ್ದ ಬ್ರಷ್ಷನ್ನು ಊರಿನಿಂದ ತಂದ ಸೂಟ್‌ಕೇಸಿನ ತಳದಿಂದ ಹುಡುಕಿ ತೆಗೆದು, ವಿನೆಗರ್ ಹಾಕಿ, ಬಿಸಿನೀರು ಸುರಿದು, ಗಾಜು ಕಿರುಗುಟ್ಟುವವರೆಗೆ ಉಜ್ಜಿದೆ. ನನ್ನ ಮಗುವಿನ ಬಾಟಲಿಯನ್ನು ದಿನಕ್ಕೆ ಆರು ಸಲ ಕುದಿಸಿದ್ದೆನಲ್ಲ, ಇದಕ್ಕೆ ಯಾಕೆ ತೋಚಲಿಲ್ಲ? ತೊಳೆದದ್ದನ್ನು ಮತ್ತೆ ತೂಗಲು ಧೈರ್ಯ ಬರಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ, ಅವನು ಎಲ್ಲಿಯೋ ಹೂವು ಇಟ್ಟೇ ಇರುತ್ತಾನೆ, ನಡುವೆ ನಾನು ಯಾರು ಎಂದುಕೊಂಡು ಬೋರಲು ಹಾಕಿಟ್ಟೆ. ಹರಕೆಯನ್ನೂ ಹೊತ್ತೆ: ಆ ಹಕ್ಕಿ ಬದುಕಿ ಮತ್ತೆ ಬಂದು ಕಣ್ಣಿಗೆ ಬೀಳುವವರೆಗೆ ನನ್ನ ಕಾಫಿಗೆ ಸಕ್ಕರೆ ಇಲ್ಲ.

ಸಕ್ಕರೆ ಇಲ್ಲದ ಫಿಲ್ಟರ್ ಕಾಫಿ ಕುಡಿದು ನೋಡಿ, ಆಗ ಗೊತ್ತಾಗುತ್ತದೆ ಪಶ್ಚಾತ್ತಾಪದ ರುಚಿ. ಸುಮಕ್ಕನಿಗೂ ಫೋನಿನಲ್ಲಿ ಹೇಳಿದೆ. 'ಬೆಲ್ಲ ಹಾಕು ಅಂದಾಕಿ ನಾನ. ಪಾಪದಾಗ ನನಗೂ ಪಾಲೈತಿ' ಎಂದರು. 'ಶನಿವಾರ ಒಪ್ಪತ್ತು ಮಾಡ್ತೀನಿ. ಚಾದ ಸಕ್ಕರಿ ಬಿಡೂದು ಮಾತ್ರ ನನ್ನ ಕಡಿಂದ ಆಗೂದಿಲ್ಲ ನೋಡವಾ, ದೇವರಿಗೂ ಗೊತ್ತೈತಿ ಅದು.' ಶುಕ್ರವಾರ, ಶನಿವಾರ, ಭಾನುವಾರ. ಪಾತ್ರೆ ತೊಳೆಯುವಾಗ, ಅಕ್ಕಿ ತೊಳೆಯುವಾಗ ಕಣ್ಣು ಖಾಲಿ ಕೊಕ್ಕೆಯ ಮೇಲೆ. ಸಂಜೆ ದೀಪದ ಮುಂದೆ ನಾಲ್ಕು ಗಿಣ್ಣಿನವರೆಗೆ ಬಂದು ಐದನೆಯದಕ್ಕೆ ಬೆರಳು ನಿಂತುಬಿಡುತ್ತಿತ್ತು. ಹೇಳಬೇಕೆಂದರೆ ಏನಾದರೂ ಸಿಗುತ್ತಿತ್ತು, ಹೊಗೆಯ ಅಲಾರಂ ಇದ್ದೇ ಇತ್ತು. ಆದರೆ ಸುಳ್ಳು ತುಂಬಿಸಲು ಮನಸ್ಸಾಗಲಿಲ್ಲ. ಎಲ್ಲೋ ಆ ಮರಗಳ ನಡುವೆ ಒಂದು ಗೂಡಿದೆ, ಗೂಡಿನಲ್ಲಿ ಕಡಲೆಕಾಳಿನಂಥ ಎರಡು ಮೊಟ್ಟೆಯೋ ಮರಿಯೋ ಇವೆ, ಅವುಗಳ ತಾಯಿ ಊದಿದ ನಾಲಿಗೆಯಲ್ಲಿ ಕೂತಿದೆ ಎಂಬ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಮಾನಸ ಒಮ್ಮೆ ಬಂದು ನನ್ನ ಸೊಂಟ ತಬ್ಬಿಕೊಂಡು, 'ಇಟ್ ಪ್ರಾಬಬ್ಲಿ ಜಸ್ಟ್ ಫೌಂಡ್ ಬೆಟರ್ ಫುಡ್, ಅಮ್ಮಾ' ಎಂದಳು. ಸಮಾಧಾನಕ್ಕೆ ಹೇಳಿದ್ದು, ನಿಜ. ಆದರೂ ನನ್ನ ಅಡಿಗೆಯ ಬಗ್ಗೆ ಹಾಗೆ ಹೇಳಿದ್ದು ಸ್ವಲ್ಪ ಚುಚ್ಚಿತು.

ಬುಧವಾರ ಬೆಳಗ್ಗೆ ಅಕ್ಕಿಯ ಎರಡನೆಯ ನೀರು ಬಸಿಯುತ್ತಿದ್ದೆ. ಗುಂಯ್ ಎಂದಿತು. ತಲೆ ಎತ್ತಿದೆ. ಕೊಕ್ಕೆಯ ಕೆಳಗೆ, ಗಾಳಿಯಲ್ಲಿ, ಹಕ್ಕಿ ನಿಂತಿತ್ತು.

ಇದನ್ನು ಹೇಗೆ ಹೇಳಲಿ? ಅಲ್ಲಿ ಏನೂ ಇರಲಿಲ್ಲ. ಬಾಟಲಿ ಇಳಿಸಿ ಆರು ದಿನ ಆಗಿತ್ತು. ಬರಿಯ ಕೊಕ್ಕೆ, ಅದರ ಕೆಳಗೆ ಬರಿಯ ಬೆಳಕು. ಆದರೆ ಹಕ್ಕಿ ನಿಂತದ್ದು ಮಾತ್ರ ಸರಿಯಾಗಿ ಪ್ಲಾಸ್ಟಿಕ್ ಹೂವು ಇರುತ್ತಿದ್ದ ಎತ್ತರದಲ್ಲಿ, ಒಂದು ಬೆರಳು ಮೇಲಲ್ಲ, ಕೆಳಗಲ್ಲ. ಕೊಕ್ಕು ಮುಂದೆ ಮಾಡಿ ಇಲ್ಲದ ಮೊದಲ ಹೂವನ್ನು ಮುಟ್ಟಿ ನೋಡಿತು. ಕಾಲು ಸುತ್ತು ಸರಿದು ಇಲ್ಲದ ಎರಡನೆಯ ಹೂವನ್ನು ನೋಡಿತು. ಮೂರನೆಯದು, ನಾಲ್ಕನೆಯದು. ಗಾಳಿಯಲ್ಲಿ ಒಂದು ಪ್ರದಕ್ಷಿಣೆ ಮುಗಿಸಿ, ಕಿಟಕಿಯ ಗಾಜಿನ ಹತ್ತಿರ ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿತು. ವಿಗ್ರಹ ತೆಗೆದಿಟ್ಟ ಪೀಠಕ್ಕೂ ನಾವು ಕೈ ಮುಗಿಯುತ್ತೇವಲ್ಲ, ಇಲ್ಲಿ ದೇವರೇ ಬಂದು ಖಾಲಿ ಪೀಠ ಸುತ್ತಿ ಭಕ್ತೆಯನ್ನು ಹುಡುಕಿದಂತಿತ್ತು. ಬಾಯಿ ತೆರೆದಾಗ ದಾರದ ಎಳೆಯಂಥ ನಾಲಿಗೆ ಹೊರಬಂದು ಒಳಹೋಯಿತು. ಊದಿರಲಿಲ್ಲ. ದೇವರೇ, ಊದಿರಲಿಲ್ಲ! ಅಕ್ಕಿಯೆಲ್ಲ ಸಿಂಕಿಗೆ ಹೋಗಿದ್ದು ಆಮೇಲೆ ಗೊತ್ತಾಯಿತು.

ಈಗ ನನ್ನ ಪಾಡು ನೋಡಿ. ಅತಿಥಿ ಬಾಗಿಲಲ್ಲಿ ನಿಂತಿದೆ, ಮನೆಯಲ್ಲಿ ಏನೂ ಮಾಡಿಲ್ಲ! ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು. ಮಂತ್ರದಂತೆ ಜೋರಾಗಿ ಎಣಿಸಿದೆ. ಮೂರೋ ನಾಲ್ಕೋ ಮರೆತು, ಚೆಲ್ಲಿ, ಮತ್ತೆ ಮೊದಲಿನಿಂದ ಎಣಿಸಿದೆ. ಕುದಿಸಿದೆ. ಕುದಿಸಿದ್ದು ಆರಬೇಕಲ್ಲ! ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಳಿಸಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕುತ್ತಾ, 'ಬಂದೆ ತಾಯಿ, ಒಂದೇ ನಿಮಿಷ, ಹೋಗಬೇಡ' ಎಂದು ಕಿಟಕಿಯ ಕಡೆ ಕೂಗುತ್ತಾ ಇದ್ದೆ. ಏಲಕ್ಕಿ ಡಬ್ಬಿಯ ಕಡೆ ಕೈ ಒಂದು ಸಲ ಹೋಯಿತು, ಸುಳ್ಳು ಹೇಳುವುದಿಲ್ಲ. ಹಿಂದಕ್ಕೆ ಎಳೆದುಕೊಂಡೆ. ಬಾಟಲಿ ತುಂಬಿಕೊಂಡು ಕಟ್ಟೆಗೆ ಓಡಿದರೆ ಹಕ್ಕಿ ಕಾಣಲಿಲ್ಲ. ತೋಳೆತ್ತಿ ಕೊಕ್ಕೆಗೆ ಸಿಕ್ಕಿಸುತ್ತಿದ್ದೇನೆ, ಕೈ ಇನ್ನೂ ತೆಗೆದಿಲ್ಲ, ಮಣಿಕಟ್ಟಿಗೆ ತಣ್ಣಗೆ ಗಾಳಿ ಬಿತ್ತು. ನನ್ನ ಬಳೆಗೆ ಒಂದು ಗೇಣು ದೂರದಲ್ಲಿ ಅದು ಕುಡಿಯುತ್ತಿತ್ತು. ಆ ಗಾಳಿ ಅದರ ರೆಕ್ಕೆಯದು. ದೇವಸ್ಥಾನದಲ್ಲಿ ಚಾಮರ ಬೀಸುವಾಗ ಒಂದೊಂದು ಸಲ ನಮ್ಮ ಮುಖಕ್ಕೂ ಗಾಳಿ ತಾಗುತ್ತದೆ, ಅಷ್ಟೇ ಅಷ್ಟು. ಬಾಟಲಿಯಲ್ಲಿ ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು. ನಾನು ಉಸಿರು ಬಿಡದೆ, ತೋಳು ಇಳಿಸದೆ, ಕಲ್ಲಿನ ದೀಪದಮಲ್ಲಿಯ ಹಾಗೆ ನಿಂತಿದ್ದೆ.

'ಅದೇ ಹಕ್ಕಿ ಅಂತ ಹೇಗೆ ಹೇಳ್ತೀಯ? ಎಲ್ಲಾ ಒಂದೇ ಥರ ಇರ್ತಾವೆ' ಎಂದರು ನಮ್ಮವರು ಸಂಜೆ. ಡಾರತಿಯಮ್ಮ ನನ್ನ ಪರ ನಿಂತರು. ಫೀಡರ್ ತೆಗೆದಿಟ್ಟರೂ ಅದಿದ್ದ ಜಾಗವನ್ನು ಅವು ಮರೆಯುವುದಿಲ್ಲ, ಸಮುದ್ರ ದಾಟಿ ಹೋಗಿ ಮುಂದಿನ ವರ್ಷ ಬಂದು ಅದೇ ಗಾಳಿಯಲ್ಲಿ ನಿಂತು ಕಾಯುತ್ತವೆ ಎಂದರು. ಹುಳಿ ಬಂದದ್ದು ತಿಳಿದ ಕೂಡಲೆ ಕುಡಿಯುವುದನ್ನು ಬಿಟ್ಟಿರಬೇಕು. 'ಅದಕ್ಕೆ ನಮ್ಮಿಬ್ಬರಿಗಿಂತ ಬುದ್ಧಿ ಇದೆ ಜಯಾ' ಎಂದು ತಮ್ಮನ್ನೂ ಸೇರಿಸಿಕೊಂಡು ಹೇಳಿದ್ದು ಅವರ ದೊಡ್ಡತನ. ಆ ಸಂಜೆ ಕಾಫಿಗೆ ಎರಡು ಚಮಚ ಹಾಕಿಕೊಂಡೆ. ದೀಪದ ಮುಂದೆ ಐದನೆಯ ಗಿಣ್ಣನ್ನು ಮುಟ್ಟಿಕೊಂಡೇ ಕೂತೆ.

ಆ ಬೇಸಿಗೆಯೆಲ್ಲ ಎರಡು ದಿನಕ್ಕೊಮ್ಮೆ ಬಾಟಲಿಗೆ ಅಭ್ಯಂಜನ. ಗಾಜಿಗೆ ಢಿಕ್ಕಿ ಹೊಡೆಯಬಾರದೆಂದು ಕಿಟಕಿಯ ಹೊರಗೆ ಸಾಬೂನಿನಿಂದ ಒತ್ತೊತ್ತಾಗಿ ಚುಕ್ಕಿಯಿಟ್ಟು ರಂಗೋಲಿ ಬರೆದೆ. ಮ್ಯಾನೇಜರ್ ಬಂದು ನೋಡಿ, ಕರಾರಿನಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲವಾಗಿ ಹಾಗೇ ಹೋದ. ನಮ್ಮವರು ಅದಕ್ಕೆ 'ಎಚ್-ಫೋರ್ ಹಕ್ಕಿ' ಎಂದು ಹೆಸರಿಟ್ಟರು. ಕೂತಲ್ಲಿ ಊಟ ಸಿಕ್ಕರೆ ಇನ್ನು ಇದು ತನ್ನ ದೇಶಕ್ಕೆ ಹೋಗುವುದಿಲ್ಲ ನೋಡು, ಎಂದರು. ಸೆಪ್ಟೆಂಬರಿನಲ್ಲಿ ಹಗಲು ಗಿಡ್ಡವಾಗುತ್ತಿದ್ದಂತೆ, ಬಾಟಲಿ ಕತ್ತಿನವರೆಗೆ ತುಂಬಿದ್ದರೂ, ಒಂದು ದಿನ ಹಕ್ಕಿ ಹೊರಟುಹೋಯಿತು. ಯಾರೂ ದಾರಿ ಹೇಳಲಿಲ್ಲ. ಮೊದಲ ಸಲ ಕ್ರ್ಯಾನ್‌ಬರಿಗೆ ಹೋಗಲು ಇವರಿಗೆ ದಾರಿಯ ಮೂರು ಪುಟದ ಪ್ರಿಂಟು ಬೇಕಾಗಿತ್ತು. ಪೆನ್ನಿಯಷ್ಟು ಭಾರದ ಜೀವ ಬರಿಗೈಯಲ್ಲಿ ಸಮುದ್ರದ ಮೇಲೆ ಹೊರಟಿತು. ಬೇಕಾದಷ್ಟು ಕುಡಿದು, ಸಾಕಾದಾಗ ಸಾಕು ಎಂದು ಹೋಗುವ ಆ ಬಗೆಗೆ ನಾನು ಬೆರಗಾದೆ. ಒತ್ತಾಯಿಸಬಾರದು, ಸಾಕು ಎಂದವರ ಮಾತನ್ನು ನಂಬಬೇಕು, ಇಷ್ಟು ದಿನ ನಾನು ಬಡಿಸಿದ್ದೆಲ್ಲ ನನ್ನ ಸಂತೋಷಕ್ಕೆ ಎಂಬ ಜ್ಞಾನೋದಯವೂ ಆಯಿತು.

ಆ ಜ್ಞಾನ ಎರಡು ವಾರ ಇತ್ತು. ದಸರೆಗೆ ಗೊಂಬೆ ಕೂರಿಸಿ ಸುಮಕ್ಕನನ್ನು ಊಟಕ್ಕೆ ಕರೆದಿದ್ದೆ. ಹೋಳಿಗೆ ಬಡಿಸಿದೆ. ಒಂದು ಮುಗಿಸಿದರು. ಇನ್ನೊಂದು ಎತ್ತಿದೆ. 'ಸಾಕವಾ' ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನಾನು ಹಕ್ಕಿಯನ್ನು ನೆನೆದು, ಹೋಳಿಗೆಯ ತಟ್ಟೆಯನ್ನು ಗೌರವದಿಂದ ಹಿಂದಕ್ಕೆ ತೆಗೆದುಕೊಂಡೆ. ಸುಮಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಅಡ್ಡ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ನಿಧಾನವಾಗಿ ಮಜ್ಜಿಗೆಯ ಕಡೆ ಹೋಯಿತು. ಮಾರನೆಯ ದಿನ ಅವರು ನಮ್ಮವರ ಹತ್ತಿರ ಫೋನಿನಲ್ಲಿ, 'ಹಕ್ಕಿಗಾದ್ರ ಬಾಟ್ಲಿ ತೊಳದು ತೊಳದು ಕೊಡ್ತಾಳ್ರೀ ನಿಮ್ಮಾಕಿ. ನಾನು ಒಮ್ಮೆ ಬ್ಯಾಡ ಅಂದದ್ದಕ್ಕ ಹೋಳಿಗಿ ಒಳಗ ಇಟ್ಟಳು. ಅಮೆರಿಕಾ ಭಾಳ ಲಗೂನ ಹತ್ತಿತು ಆಕಿಗೆ' ಎಂದರಂತೆ. ಇವರು ನಗುತ್ತಾ ನನಗೆ ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಶನಿವಾರವೇ ಹೋಳಿಗೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಜರ್ಸಿ ಸಿಟಿಗೆ ಹೋದೆವು. ಸುಮಕ್ಕನ ಮನೆಯಲ್ಲಿ ಸುಮಕ್ಕನ ತಟ್ಟೆಗೆ ನಾನೇ ಬಡಿಸಲು ನಿಂತೆ. ಮೊದಲು, 'ಬ್ಯಾಡವಾ, ಹೊಟ್ಟಿ ತುಂಬೇತಿ' ಎಂದರು. ಒತ್ತಾಯ ಮಾಡಿದೆ. 'ಅಯ್ಯ, ಬ್ಯಾಡಂದ್ರ ಬ್ಯಾಡ.' ಮತ್ತೆ ಮಾಡಿದೆ. 'ಡಾಕ್ಟರ್ ಬೈತಾರ ನನಗ.' ಮತ್ತೆ ಮಾಡಿದೆ. ಕೈ ಅಡ್ಡ ಹಿಡಿದರು. ನಾಲ್ಕನೆಯ ಒತ್ತಾಯಕ್ಕೆ, 'ನೀ ಕೇಳೂ ಪೈಕಿ ಅಲ್ಲ ಬಿಡು' ಎಂದು ಬೈಯುತ್ತಾ, ಮುಖವೆಲ್ಲ ಅರಳಿಸಿಕೊಂಡು, ತಟ್ಟೆ ಮುಂದೆ ಚಾಚಿದರು. ನಮ್ಮವರು ಎದುರಿಗೆ ಕೂತು ಬೆರಳು ಮಡಿಸಿ ಎಣಿಸುತ್ತಿದ್ದರು. ಕಾರಿನಲ್ಲಿ ಬರುವಾಗ, 'ಒಂದು ಹೋಳಿಗೆಗೆ ನಾಲ್ಕು ಒತ್ತಾಯ. ಡಾರತಿ ಹೇಳಿದ ಅಳತೇನೇ ಸರಿ ಕಣೇ' ಎಂದರು. ಖಾಲಿ ಡಬ್ಬಿ ಮಡಿಲಲ್ಲಿತ್ತು, ಅದು ಆ ದಿನದ ಮೊದಲನೆಯ ಗಿಣ್ಣು.